ಬೇಡ ಬೇಡ ಎಂದ ಮಾಂತ್ರಿಕ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ತಂಗದಿರಪುರ ಎಂಬ ರಾಜ್ಯವಿತ್ತು. ಅಲ್ಲಿ ಪ್ರತಿ ಮನೆಯ ಅಡುಗೆಮನೆಯಲ್ಲೂ ಒಂದೊಂದು ಕೆಂಡದಾಮೆ ಇರುತ್ತಿತ್ತು. ಅದು ಕಟ್ಟಿಗೆ ತಿನ್ನುತ್ತಿತ್ತು, ಬಾಯಿ ತೆರೆಯುತ್ತಿತ್ತು, ಒಳಗಿಟ್ಟ ಹಿಟ್ಟನ್ನು ಹದವಾಗಿ ಬೇಯಿಸಿ ಕೊಡುತ್ತಿತ್ತು. ತೊಂದರೆ ಒಂದೇ. ಹತ್ತಿರದಲ್ಲಿ ಯಾರಾದರೂ ಜಗಳವಾಡಿದರೆ ಟಪ್ಪೆಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಕೇದಗೆ ಎಂಬ ಹುಡುಗಿಯ ಮನೆಯ ಆಮೆ ವರ್ಷಪೂರ್ತಿ ಹೇಗೋ ಸಂಭಾಳಿಸುತ್ತಿತ್ತು. ಮಂಜಿನ ಹಬ್ಬ ಬಂತೆಂದರೆ ಮುಗಿಯಿತು.

ಹಬ್ಬಕ್ಕೆ ಮೂರು ತಿಂಡಿ ಆಗಲೇಬೇಕು: ಸೋಂಪಿನ ಬಿಸ್ಕತ್ತು, ಕಾಯಿಬನ್ನು, ಬೆಲ್ಲದ ಕೇಕು. ಮೂರನ್ನೂ ಬೇಯಿಸುವವಳು ಕೇದಗೆ. ಅವಳು ಮಾತಾಡುವುದು ಕಡಿಮೆ, ಹಾಗಾಗಿ ಆಮೆಗೆ ಅವಳೆಂದರೆ ನಂಬಿಕೆ. ಆದರೆ ಅವಳ ಹಿಂದೆ ಮೂರು ಜನ ನಿಂತಿರುತ್ತಿದ್ದರಲ್ಲ!

“ಸೋಂಪು ಹುರಿದು ಹಾಕೇ. ನಮ್ಮ ಕಾಲದಲ್ಲಿ ಹಸೀ ಸೋಂಪು ಹಾಕಿದ್ರೆ ನಾಯೀನೂ ಮೂಸ್ತಿರಲಿಲ್ಲ,” ಎಂದಳು ಅಜ್ಜಿ.

“ನಾನೇನೂ ಹೇಳಲ್ಲಪ್ಪ,” ಎಂದ ಅಪ್ಪ. “ಆದ್ರೂ ಬೆಣ್ಣೆ ಸ್ವಲ್ಪ ಕಮ್ಮಿ ಆಯ್ತೇನೋ ಅಂತ.”

“ಹೇಳಲ್ಲ ಅಂದ್ಮೇಲೆ ಸುಮ್ನಿರ್ರೀ!” ಎಂದಳು ಅಮ್ಮ.

ಟಪ್! ಆಮೆ ಬಾಯಿ ಮುಚ್ಚಿತು. ಕೇದಗೆ ಹಿಟ್ಟಿನ ಕೈಯನ್ನೇ ಹಣೆಗೆ ಒತ್ತಿಕೊಂಡಳು. ಆಮೆಯ ಗಲ್ಲ ತುರಿಸಿದಳು, ಬೆನ್ನು ಸವರಿದಳು, ಬಾಯಿ ತೆರೆಯುವವರೆಗೆ ಕಾದಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಬಾಗಿಲಲ್ಲಿ ಉದ್ದಂಡಯ್ಯ ನಿಂತಿದ್ದ.

ಉದ್ದಂಡಯ್ಯ ಮಾಂತ್ರಿಕ ಎಂದು ಊರಿಗೆಲ್ಲ ಗೊತ್ತು. ಅವನ ಮಂತ್ರ ಒಂದೇ ಒಂದು, ಅದೂ ಹಬ್ಬದ ದಿನ ಮಾತ್ರ ನಡೆಯುವಂಥದ್ದು. ತಂಗದಿರಪುರದಲ್ಲಿ ಮಂಜಿನ ಹಬ್ಬದ ದಿನ ಮನೆಗೆ ಬಂದವರನ್ನು ಎಲೆ ಹಾಕಿ ಕೂರಿಸಬೇಕು. ಅತಿಥಿ ಬಾಯಿಬಿಟ್ಟು ಕೇಳಬಾರದು, ಕೇಳುವ ಮೊದಲೇ ಬಡಿಸಬೇಕು. ಬೇಡ ಎಂದರೂ ಬಲವಂತ ಮಾಡಿ ಬಡಿಸಬೇಕು. ಬಾಯಿಬಿಟ್ಟು ಕೇಳಿ ತಿನ್ನುವವರು ಮನೆಯವರು ಮಾತ್ರ. ಇನ್ನು ಎಲೆಯ ಮುಂದೆ ಕೂತ ಅತಿಥಿ ಏನು ನುಡಿದರೂ ಅದು ನಡೆದೇ ತೀರುತ್ತಿತ್ತು. ಬೇರೆ ಅತಿಥಿಗಳು ‘ಚೆನ್ನಾಗಿರಿ’ ಎಂದು ಹರಸಿ ಹೋಗುತ್ತಿದ್ದರು. ಉದ್ದಂಡಯ್ಯ ಹಾಗೆ ಹರಸುವವನಲ್ಲ. ಹೋದ ವರ್ಷ ಅರಮನೆಗೆ ಉಣ್ಣಲು ಹೋಗಿದ್ದ. ಅಂದಿನಿಂದ ರಾಜ ಒರಳುಕಲ್ಲಾಗಿದ್ದ. ಮಂತ್ರಿಗಳು ಒರಳಿನ ಸುತ್ತ ಕೂತೇ ಸಭೆ ನಡೆಸುತ್ತಿದ್ದರು.

“ಅಯ್ಯೋ, ಬನ್ನಿ ಬನ್ನಿ,” ಎಂದಳು ಅಮ್ಮ. ಹೆದರಿಕೆಯಿದ್ದರೂ ಅವಳ ಕೈ ತಾನಾಗಿ ಎಲೆ ಹಾಕುತ್ತಿತ್ತು.

ಉದ್ದಂಡಯ್ಯ ಚಕ್ಕಳಮಕ್ಕಳ ಹಾಕಿ ಕೂತ. “ಕೇಳು ತಾಯಿ. ನನಗೆ ಮೆಚ್ಚುಗೆಯಾದರೆ ಎದ್ದು ಹೋಗುತ್ತೇನೆ. ಮೆಚ್ಚುಗೆಯಾಗದಿದ್ದರೆ ಒಂದೊಂದು ತಿಂಡಿಗೆ ಒಬ್ಬೊಬ್ಬರು ಅಡುಗೆ ಸಾಮಾನಾಗುತ್ತೀರಿ. ನಿಮ್ಮ ಕಣಜದ ಹಿಟ್ಟಿನ ತಿಂಡಿಯೆಲ್ಲ ಮುಗಿಯುವುದರೊಳಗೆ ನಾನು ಈ ಎಲೆ ಬಿಡದಿದ್ದರೆ, ಆದವರು ಹಾಗೆಯೇ ಇರುತ್ತೀರಿ.”

ಕಣಜದಲ್ಲಿ ಮೂರು ತಿಂಡಿಗಾಗುವಷ್ಟೇ ಹಿಟ್ಟಿತ್ತು.

ಮೊದಲು ಬಿಸ್ಕತ್ತು ಬೆಂದಿತು. ಹೊಂಬಣ್ಣ ಬಂದಿತ್ತು, ಸೋಂಪಿನ ಪರಿಮಳ ಬೀದಿಯವರೆಗೆ ಹರಡಿತ್ತು. ಉದ್ದಂಡಯ್ಯ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು, “ಬೇಡ ಬೇಡ,” ಎಂದ.

“ಹಾಗಂದ್ರೆ ಹೇಗೆ? ಒಂದೇ ಒಂದು,” ಎಂದಳು ಅಮ್ಮ.

“ಬೇಡ ತಾಯಿ, ಬೇಡ.”

“ನನ್ನ ಮೇಲೆ ಆಣೆ!”

ಹೀಗೆ ಬೇಡ ಬೇಡ ಎನ್ನುತ್ತಲೇ ಬುಟ್ಟಿ ಖಾಲಿ ಮಾಡಿದ. ಬಾಯಿ ಒರೆಸಿಕೊಂಡು, “ಸುಮಾರಾಗಿದೆ,” ಎಂದ.

ಅಜ್ಜಿ ಸೌಟಾದಳು.

ಕೇದಗೆಗೆ ಅಳು ಬಂತು. ಅಳುತ್ತಲೇ ಸೌಟನ್ನು ಎತ್ತಿಕೊಂಡಳು. ಸೌಟು ಮಾತಾಡಿತು. “ಹೇಳಿದ್ನೋ ಇಲ್ವೋ? ಸೋಂಪು ಹುರಿ ಅಂದೆ. ನನ್ನ ಮಾತು ಯಾರು ಕೇಳ್ತಾರೆ ಈ ಮನೇಲಿ!”

ಕೇದಗೆಯ ಅಳು ಅಲ್ಲಿಗೇ ನಿಂತಿತು.

ಎರಡನೆಯದು ಕಾಯಿಬನ್ನು. ಸೌಟು ಒಂದು ಹೇಳಿತು, ಅಪ್ಪ “ನಾನೇನೂ ಹೇಳಲ್ಲಪ್ಪ” ಎನ್ನುತ್ತ ಇನ್ನೊಂದು ಹೇಳಿದ, ಆಮೆ ಮತ್ತೆ ಬಾಯಿ ಮುಚ್ಚಿತು. ಕೇದಗೆ ಮತ್ತೆ ಗಲ್ಲ ತುರಿಸಿದಳು, ಮತ್ತೆ ಬೆನ್ನು ಸವರಿದಳು. ಕೊನೆಗೂ ಬನ್ನು ಉಬ್ಬಿ ಬಂತು. ಒಳಗೆ ಕಾಯಿಹೂರಣ ತುಪ್ಪದಲ್ಲಿ ಮಿನುಗುತ್ತಿತ್ತು. ಉದ್ದಂಡಯ್ಯ ಮತ್ತೆ ಎಲೆಗೆ ಕೈ ಅಡ್ಡ ಹಿಡಿದ.

“ಬೇಡ ಬೇಡ.”

“ಇಷ್ಟು ಸಣ್ಣದಕ್ಕೆಲ್ಲ ಬೇಡ ಅನ್ನಬಾರ್ದು,” ಎಂದಳು ಅಮ್ಮ.

ಮೂಲೆಯಲ್ಲಿ ನಿಂತಿದ್ದ ಕೇದಗೆಗೆ ಆಗ ಒಂದು ಸಂಗತಿ ಕಂಡಿತು. ಅಡ್ಡ ಹಿಡಿದ ಆ ಕೈಯ ಬೆರಳುಗಳು ಅಗಲವಾಗಿ ಬಿಟ್ಟುಕೊಂಡಿದ್ದವು, ನಡುವೆ ಒಂದು ಬನ್ನು ಸಲೀಸಾಗಿ ಇಳಿಯುವಷ್ಟು. ಅವನ ಕಣ್ಣು ಅಮ್ಮನ ತುಟಿಯ ಮೇಲಿತ್ತು. ಅವಳು ‘ಇನ್ನೊಂದು’ ಎನ್ನುವವರೆಗೂ ಅವನು ಉಸಿರು ಬಿಡುತ್ತಿರಲಿಲ್ಲ.

ಬನ್ನೂ ಮುಗಿಯಿತು. “ಸುಮಾರಾಗಿದೆ,” ಎಂದ.

ಅಪ್ಪ ಜರಡಿಯಾದ.

“ನಾನೇನೂ ಹೇಳಲ್ಲ,” ಎಂದಿತು ಜರಡಿ, “ಆದ್ರೆ ಏಲಕ್ಕಿ ಜಾಸ್ತಿಯಾಗಿತ್ತು.”

ಉಳಿದದ್ದು ಬೆಲ್ಲದ ಕೇಕು. ಕೇದಗೆ ಕೊನೆಯ ಹಿಟ್ಟನ್ನು ಅಪ್ಪನಲ್ಲಿ ಜರಡಿ ಹಿಡಿದಳು, ಅಜ್ಜಿಯಿಂದ ಕಲಕಿದಳು. ಅಪ್ಪ ಮೆಲ್ಲಗೆ ಅಲ್ಲಾಡಿಸು ಎಂದ. ಅಜ್ಜಿ ಜೋರಾಗಿ ಕಲಕು ಎಂದಳು. ಪಕ್ಕದಲ್ಲಿ ಅಮ್ಮ, “ಬೇಗ ಕಣೇ, ಎಲೆ ಖಾಲಿ ಇದೆ, ಮರ್ಯಾದೆ ಪ್ರಶ್ನೆ,” ಎಂದು ಸೆರಗು ಹಿಂಡುತ್ತಿದ್ದಳು. ಮುಂದಿನ ಸರದಿ ತನ್ನದೆಂದು ಅಮ್ಮನಿಗೆ ಗೊತ್ತಿತ್ತು. ಆದರೂ ಅವಳ ಚಿಂತೆಯೆಲ್ಲ ಖಾಲಿ ಎಲೆಯದು! ಕೇದಗೆಗೆ ರೇಗಿಹೋಯಿತು. ಜೀವಮಾನದಲ್ಲಿ ಮೊದಲ ಸಲ, ಜೋರಾಗಿ, “ಎಲ್ಲರೂ ಒಂದು ಗಳಿಗೆ ಬಾಯಿ ಮುಚ್ಕೋತೀರಾ!” ಎಂದಳು.

ಎಲ್ಲರೂ ಬಾಯಿ ಮುಚ್ಚಿದರು. ಆಮೆ ಮಾತ್ರ ಅಗಲವಾಗಿ ಬಾಯಿ ತೆರೆಯಿತು.

ಕೇಕು ಬೆಂದಿತು. ಕಪ್ಪುಬೆಲ್ಲದ ಪಾಕ ಮೇಲೆ ಸಣ್ಣಗೆ ಬಿರುಕು ಬಿಟ್ಟಿತ್ತು, ಬಿರುಕಿನಿಂದ ಶುಂಠಿಯ ಹಬೆ ಏಳುತ್ತಿತ್ತು. ಕೇದಗೆ ತಟ್ಟೆ ಹಿಡಿದು ಉದ್ದಂಡಯ್ಯನ ಮುಂದೆ ನಿಂತಳು. ಅವನು ಬೆರಳು ಬಿಡಿಸಿ ಕೈ ಅಡ್ಡ ಹಿಡಿದ.

“ಬೇಡ ಬೇಡ.”

“ಬೇಡವಾ?” ಎಂದಳು ಕೇದಗೆ. “ಸರಿ ಹಾಗಾದ್ರೆ.”

ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಳು.

ಸೌಟು ಅಮ್ಮನ ಕೈಯಿಂದ ಜಾರಿ ನೆಲಕ್ಕೆ ಬಿದ್ದು, “ಬಲವಂತ ಮಾಡೇ! ಕುಲ ಕೆಡಿಸ್ಬೇಡ!” ಎಂದಿತು. ಅಮ್ಮ, “ಹಾಗಲ್ಲ, ಒಂದೇ ಒಂದು ಚೂ…” ಎನ್ನಲು ಬಾಯಿ ತೆರೆದಳು. ಕೇದಗೆ ಬಿಸಿ ಕೇಕಿನ ದೊಡ್ಡ ತುಂಡೊಂದನ್ನು ಆ ಬಾಯಿಗೇ ತುರುಕಿದಳು. ಇನ್ನೊಂದನ್ನು ತಾನು ತಿಂದಳು. ಅಲ್ಲೇ, ಅತಿಥಿಯ ಎದುರಿಗೇ, ನೆಲದ ಮೇಲೆ ಕಾಲು ನೀಡಿ ಕೂತು.

ಅಮ್ಮ ಉಗುಳಲಾರದೆ ಅಗಿದಳು. ಅಗಿಯುತ್ತ ಅವಳ ಕಣ್ಣು ಅರಳಿತು. ಇಷ್ಟು ವರ್ಷ ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದ ತಣ್ಣನೆಯ ಅಂಚನ್ನಷ್ಟೇ ತಿಂದಿದ್ದ ಬಾಯಿ ಅದು. “ಇದು ಬಿಸಿ ಇದ್ದಾಗ ಹೀಗಿರುತ್ತಾ?” ಎಂದಳು.

“ನನಗೂ ಈಗಲೇ ಗೊತ್ತಾಗಿದ್ದು,” ಎಂದಳು ಕೇದಗೆ.

ಉದ್ದಂಡಯ್ಯ ಕಾದ. ಕೆಮ್ಮಿದ. ಎಲೆ ಸರಿಮಾಡಿಕೊಂಡ. “ನಾನು ಬೇಡ ಅಂದೆ,” ಎಂದು ನೆನಪಿಸಿದ.

“ಕೇಳಿಸ್ತು,” ಎಂದಳು ಕೇದಗೆ, ಬೆರಳು ನೆಕ್ಕುತ್ತ.

ತಟ್ಟೆಯಲ್ಲಿ ಅರ್ಧ ಕೇಕು ಉಳಿಯಿತು. ಆಮೇಲೆ ಕಾಲು ಭಾಗ. ಆಮೇಲೆ ಒಂದೇ ತುಂಡು. ಕೇದಗೆಯ ಹೊಟ್ಟೆ ತುಂಬಿತ್ತು, ಆದರೂ ಕೈ ಚಾಚಿದಳು. ಇದು ಖಾಲಿಯಾಗಿ, ಅವನು ಸುಮ್ಮನೇ ಕೂತುಬಿಟ್ಟರೆ?

“ಆ ತುಂಡು,” ಎಂದ ಉದ್ದಂಡಯ್ಯ. ಅವನ ದನಿ ಸಣ್ಣಗಾಗಿತ್ತು. “ನನಗೆ ಕೊಡ್ತೀಯಾ?”

ಕೇಳಿಬಿಟ್ಟ! ಎಲೆ ಅವನ ಮುಂದಿನಿಂದ ತಾನಾಗಿ ಸರಿದು, ಸುರುಳಿ ಸುತ್ತಿಕೊಂಡು ಬಾಗಿಲಾಚೆ ಹೋಯಿತು. ಬಾಯಿಬಿಟ್ಟು ಕೇಳಿದವನು ಅತಿಥಿಯಲ್ಲ, ಅತಿಥಿಯಲ್ಲದವನ ಮಾತು, ಹಿಂದೆ ಆಡಿದ್ದೂ ಸೇರಿ, ನಡೆಯುವುದಿಲ್ಲ. ಸೌಟಿದ್ದಲ್ಲಿ ಅಜ್ಜಿ ಕೂತಿದ್ದಳು, ಸೊಂಟ ಹಿಡಿದುಕೊಂಡು. ಜರಡಿಯಿದ್ದಲ್ಲಿ ಅಪ್ಪ ನಿಂತಿದ್ದ, ಮೀಸೆ ತುಂಬ ಹಿಟ್ಟು. ಅತ್ತ ಅರಮನೆಯಲ್ಲಿ, ಸಭೆಯ ನಟ್ಟನಡುವೆ, ರಾಜ ತಲೆಯ ಮೇಲೆ ಹುಣಸೆ ಚಟ್ನಿ ಹೊತ್ತುಕೊಂಡು ಎದ್ದು ನಿಂತ.

ಕೇದಗೆ ಕೊನೆಯ ತುಂಡನ್ನು ಉದ್ದಂಡಯ್ಯನ ಕೈಗಿತ್ತಳು. “ತಿನ್ನು. ಕೇಳಿ ತಿಂದವರು ಮನೆಯವರು. ಮನೆಯವರಾದ್ರೆ ಆಮೆ ಹೊಟ್ಟೆಯ ಬೂದಿ ತೆಗೀಬೇಕು.”

ಅವನು ತಿಂದ. ತಲೆ ತಗ್ಗಿಸಿಕೊಂಡು ಬೂದಿ ತೆಗೆದ. ತೆಗೆಯುತ್ತ, “ಶುಂಠಿ ಒಂಚೂರು ಹೆಚ್ಚಿದ್ದಿದ್ದರೆ…” ಎಂದು ಶುರುಮಾಡಿದ.

“ಹೆಚ್ಚು? ನಮ್ಮ ಕಾಲದಲ್ಲಿ ಶುಂಠೀನೇ ಹಾಕ್ತಿರಲಿಲ್ಲ!” ಎಂದಳು ಅಜ್ಜಿ.

“ನಾನೇನೂ ಹೇಳಲ್ಲಪ್ಪ,” ಎಂದ ಅಪ್ಪ.

ಕೇದಗೆ ಗೋಡೆಗೊರಗಿ ಕಣ್ಣು ಮುಚ್ಚಿದಳು. ಇಷ್ಟು ದಿನ ಮೂವರಿದ್ದರು, ಈಗ ನಾಲ್ವರು!

ಅಮ್ಮ ಮಾತ್ರ ಜಗಳಕ್ಕೆ ಬರಲಿಲ್ಲ. ಅವಳು ಪಕ್ಕದ ಮನೆಯಿಂದ ಹಿಟ್ಟು ತಂದಳು, ಮಗಳ ಪಕ್ಕ ಕೂತಳು. “ಇನ್ನೊಂದು ಕೇಕು ಮಾಡೋಣ,” ಎಂದಳು. “ಈ ಸಲ ಮೊದಲ ತುಂಡು ನಮಗಿಬ್ಬರಿಗೆ.”

ಅಂದಿನಿಂದ ತಂಗದಿರಪುರದಲ್ಲಿ ಬೇಯಿಸಿದವರೂ, ಬಡಿಸಿದವರೂ, ಕೇಳಿದವರೂ, ಕೇಳದವರೂ ಎಲ್ಲರೂ ಬಿಸಿಯಾಗಿ ತಿಂದು ತಣ್ಣಗೆ ಬಾಳಿದರು.