ಆರ್ಕುಟ್ ಬೇಡ ಅಂದವನ ಫ್ರೆಂಡ್ ರಿಕ್ವೆಸ್ಟ್

"ಪಾಠ ಹೇಳೋರಿಗೆ ಆರ್ಕುಟ್ ಯಾಕೆ ಸಾರ್? ಆ ಪುಟ ಮುಚ್ಚಿಸಿಬಿಡಿ!"

ಸ್ಟಾಫ್ ಮೀಟಿಂಗಿನಲ್ಲಿ ಹೀಗೆಂದವನು ಸುಹಾಸ. ಮಂಚಿಕೇರಿಯವನು, ಗಣಿತದ ಲೆಕ್ಚರರ್. ಸಿದ್ದಾಪುರದ ಕಾಲೇಜಿಗೆ ಬಂದು ಎರಡು ತಿಂಗಳಾದರೂ ಬಾಟನಿ ಲೆಕ್ಚರರ್ ಮಧುರಾಳ ಜೊತೆ ಒಂದು ಮಾತೂ ಆಡಿದವನಲ್ಲ. ಅವಳು ಅವನ ಮುಖವನ್ನು ಸರಿಯಾಗಿ ನೋಡಿದ್ದೇ ಆಗ!

ಪುಟ ಅವಳದ್ದು. ೨೦೦೮ರ ಕಾಲ, ಫೇಸ್‌ಬುಕ್ ಇನ್ನೂ ಈ ಕಡೆ ಬಂದಿರಲಿಲ್ಲ. ಸಂತೆಗೆ ಬಂದ ಹುಡುಗಿಯರು ಅಪ್ಪನ ಕಣ್ತಪ್ಪಿಸಿ ಸೈಬರ್ ಕೆಫೆ ಹೊಕ್ಕು ಬಾಟನಿ ಡೌಟು ಬರೆದಿಟ್ಟು ಹೋಗುತ್ತಿದ್ದರು. ಮಧುರಾ ಉತ್ತರ ಬರೆಯುತ್ತಿದ್ದಳು. ತರಗತಿಯಲ್ಲಿ ಬಾಯಿ ಬಿಡದವರು ಅಲ್ಲಿ ಎಷ್ಟೆಲ್ಲ ಕೇಳುತ್ತಿದ್ದರು!

"ಸೋಮವಾರ ತೀರ್ಮಾನ ಹೇಳ್ತೇನೆ," ಅಂದರು ಪ್ರಿನ್ಸಿಪಾಲರು.

'ಎಂಥ ಮನುಷ್ಯ ಇವನು...' ಕುದಿಯುತ್ತಲೇ ಸಂಜೆ ಆರ್ಕುಟ್ ತೆರೆದರೆ... ಸುಹಾಸನ ಫ್ರೆಂಡ್ ರಿಕ್ವೆಸ್ಟ್!

ಬೆಳಿಗ್ಗೆ ಮುಚ್ಚಿಸಿ ಅಂದವನಿಗೆ ಸಂಜೆ ಸ್ನೇಹ ಬೇಕಂತೆ! ಗೂಢಚಾರಿಕೆಯಾ? ತಮಾಷೆಯಾ? ಅದಿರಲಿ, ಸಿಟ್ಟು ಬರಬೇಕಾದಲ್ಲಿ ಈ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ? ಪಾಪ, ಅವಳಿಗೆ ತಲೆಬುಡ ಅರ್ಥವಾಗಲಿಲ್ಲ.

ಮರುದಿನ ಮನೆಗೆ ಹೋಗಲು ಕೋಲಸಿರ್ಸಿ ಬಸ್ಸಿಗೆ ಕಾಯುತ್ತಿದ್ದಾಗ ಅವನೇ ಎದುರಾದ.

"ನನ್ನ ಮೇಲೆ ಕಣ್ಣಿಡೋಕೆ ರಿಕ್ವೆಸ್ಟ್ ಕಳಿಸಿದ್ರಾ?"

"ಅಯ್ಯೋ, ಇಲ್ಲ! ನಿಮ್ಮ ಫೋಟೊ ಕೆಳಗೆ ಹುಡುಗರು ಬಾಯಿಗೆ ಬಂದದ್ದು ಬರೆದಿದ್ರು. ಅದನ್ನ ಓದಿ ನಗ್ತಿದ್ರು. ನನಗೆ ತಡೆಯೋಕಾಗ್ಲಿಲ್ಲ..."

"ಅದಕ್ಕೆ ಪುಟಾನೇ ಮುಚ್ಚಿಸೋದಾ? ನನ್ನನ್ನ ಒಂದು ಮಾತು ಕೇಳಿದ್ರಾ? ಆ ಹುಡುಗಿಯರು ಇನ್ನೆಲ್ಲಿ ಕೇಳ್ಬೇಕು?"

ಸುಹಾಸ ತಲೆ ತಗ್ಗಿಸಿದ. "ನಿನ್ನೆ ಸಂಜೆ ನಿಮ್ಮ ಉತ್ತರಗಳನ್ನ ಓದಿದೆ. ತಪ್ಪಾಯ್ತು ಅನ್ನಿಸ್ತು. ಪುಟ ಇರಲಿ ಅಂತ ಈಗಷ್ಟೇ ಪ್ರಿನ್ಸಿಪಾಲರಿಗೆ ಹೇಳಿ ಬಂದೆ. ಒಪ್ಪಿದ್ರು. ಬರೆದ ಹುಡುಗರನ್ನ ಕರೆಸ್ತಾರಂತೆ."

ಅಳಬೇಕೋ ನಗಬೇಕೋ! ಮಧುರಾಳ ಕಣ್ಣು ತುಂಬಿತು.

"ಮತ್ತೆ ರಿಕ್ವೆಸ್ಟು...?"

"ಕ್ಷಮೆ ಕೇಳೋಕೆ... ಅಂತ ಅಂದ್ಕೊಂಡಿದ್ದೆ."

"ಒಪ್ಪಿಕೊಂಡ್ರೆ, ಇವರು ನಿಮಗೆ ಯಾರು ಅಂತ ಕೇಳ್ತದೆ ಆರ್ಕುಟ್. ಪರಿಚಯದವರಾ, ಸ್ನೇಹಿತರಾ, ಆಪ್ತರಾ... ಯಾವುದು ಒತ್ತಲಿ?"

ಸುಹಾಸನ ಕಿವಿ ಕೆಂಪಾದವು. ಕಾಲೇಜಿನ ಬಹುವಚನ ಬಿಟ್ಟು ಇಬ್ಬರ ಮನೆಮಾತಾದ ಹವ್ಯಕಕ್ಕೆ ಇಳಿದ; 'ನನಗೆ' ಹೋಗಿ 'ಎಂಗೆ' ಬಂತು.

"ಎಂಗೆ ಬೇಕಾದ್ದು ಅದ್ರಲ್ಲಿ ಇಲ್ಲೆ, ಮಧುರಾ."

"ಎಂತ ಬೇಕು?"

"ನೀನು."

ಕೋಲಸಿರ್ಸಿ ಬಸ್ಸು ಬಂತು, ಹೋಯಿತು. ಇಬ್ಬರಿಗೂ ಖಬರಿಲ್ಲ!

"ಎಂಗೂ ಹಾಂಗೇ ಕಾಣ್ತು..." ಅವಳು ಕಣ್ಣೊರೆಸಿಕೊಂಡಳು. "ಆದ್ರೆ ನಿನ್ನ ಮೇಲಿನ ಸಿಟ್ಟು ಇನ್ನೂ ಹೋಯ್ದಿಲ್ಲೆ!"

"ಬೈಯಿ ಮಾರಾಯ್ತಿ... ಜೀವಮಾನ ಪೂರ್ತಿ ಬೈಯಿ."