ಆರು ನಯಾಪೈಸೆ

ಕ್ಯಾಮೆರಾ ಕ್ಲಿಕ್ ಎಂದಿತು. ಗಿರಿಜಾಂಬಾಳ ಎದೆ ಧಸಕ್ಕೆಂದಿತು.

೧೯೫೭ರ ಏಪ್ರಿಲ್. ಆಣೆ ಹೋಗಿ ನಯಾಪೈಸೆ ಬಂದಿತ್ತು. ಕೃಷ್ಣಮೂರ್ತಿಪುರಂನಲ್ಲಿ ಅವಳ ಅಣ್ಣ ಶಿವಮಲ್ಲಪ್ಪನ ದಿನಸಿ ಅಂಗಡಿಯಲ್ಲಿ, ಲೆಕ್ಕ ತಿಳಿಯದ ಮುದುಕಿಯರಿಗೆ ಒಂದಾಣೆಯ ಚಿಲ್ಲರೆಗೆ ಆರು ಪೈಸೆಯ ಬದಲು ಐದೇ ಸಿಗುತ್ತಿತ್ತು. ಗಿರಿಜೆಗೆ ಅದು ಗೊತ್ತು. ಅಪ್ಪ ಅಮ್ಮ ಇಲ್ಲದ ಅವಳಿಗೆ ಅಣ್ಣನೆಂದರೆ ಭಯ... ಅಣ್ಣನಿಲ್ಲದ ಬದುಕೆಂದರೆ ಇನ್ನೂ ಭಯ.

ಇವತ್ತು ಮುದುಕಿ ದೇವಿರಮ್ಮನ ಅಂಗೈಗೆ ಅಣ್ಣ ಐದು ಪೈಸೆ ಹಾಕುವಾಗಲೇ ಆ ಫೋಟೋ ಕ್ಲಿಕ್ಕಾದದ್ದು.

ತೆಗೆದವನು ಲಕ್ಷ್ಮೀಪುರಂ ಸ್ಟುಡಿಯೋದ ಸುಂದರೇಶ. ಊರಿಗೆ ಹೊಸ ನಾಣ್ಯ ಬಂದದ್ದರ ಚಿತ್ರ ತೆಗೆದು ಪ್ರದರ್ಶನ ಇಡುತ್ತೇನೆಂದು ಬೀದಿ ಸುತ್ತುತ್ತಿದ್ದ. ಕೆಲವು ದಿನಗಳಿಂದ ಅಂಗಡಿ ಎದುರೇ ನಿಲ್ಲುತ್ತಿದ್ದ. ಅವನ ನೋಟ ಅವಳಿಗೂ ಹಿತವಾಗಿತ್ತು.

'ಇವರು ಸರ್ಕಾರದ ಕಡೆಯವರಾ? ಅದಕ್ಕೇನಾ ದಿನಾ ನಿಲ್ತಿದ್ದದ್ದು?' ಎಂದು ಈಗ ಅವಳಿಗೆ ಅನುಮಾನ ಬಂತು.

ಫೋಟೋ ಪೊಲೀಸರ ಕೈಸೇರಿದರೆ ಜೈಲೇ ಗತಿ, ಆ ಫೋಟೋದವನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅಣ್ಣ ಹಲ್ಲು ಕಡಿದ.

ಮಾರನೆಯ ದಿನ ದೇವಸ್ಥಾನಕ್ಕೆಂದು ಹೊರಟವಳು ಸ್ಟುಡಿಯೋ ಮೆಟ್ಟಿಲು ಹತ್ತಿದಳು.

"ಅಣ್ಣ ಜೈಲಿಗೆ ಹೋದ್ರೆ ನನಗೆ ಯಾರೂ ಇಲ್ಲ. ನಿಮಗೂ ಏನಾದ್ರೂ ಮಾಡ್ಬಿಡ್ತಾನೆ. ಆ ಫೋಟೋ ಬೇಡ ಕಣ್ರೀ..."

ಸುಂದರೇಶ ಒಳಗೆ ಹೋದ. ಪ್ರದರ್ಶನಕ್ಕೆಂದು ಎತ್ತಿಟ್ಟಿದ್ದ ತನ್ನ ಅತ್ಯುತ್ತಮ ಚಿತ್ರವಾದ ಆ ಫೋಟೋದ ನೆಗೆಟಿವ್ ತಂದು, ಅವಳ ಕಣ್ಣೆದುರೇ ಕತ್ತರಿಯಿಂದ ತುಂಡು ಮಾಡಿದ.

"ನಾನು ಸರ್ಕಾರದವನಲ್ಲ. ನಿಮ್ಮನ್ನ ನೋಡೋಕೆ ಬರ್ತಿದ್ದೆ. ಹೆದರಿಸಿದ್ದಕ್ಕೆ ಕ್ಷಮಿಸಿ."

ಅವಳಿಗೆ ನೆಮ್ಮದಿಯಾಗಬೇಕಿತ್ತು. ನಾಚಿಕೆಯಾಯಿತು. ತನ್ನ ಭಯಕ್ಕಾಗಿ ಅವನು ಅಷ್ಟು ಕಳೆದುಕೊಂಡ. ದೇವಿರಮ್ಮನಿಗೆ ನಾಳೆಯೂ ಐದೇ ಪೈಸೆ.

ಬೆಳಿಗ್ಗೆ ದೇವಿರಮ್ಮ ಬಂದಾಗ ಗಿರಿಜೆ ಅಣ್ಣನಿಗಿಂತ ಮೊದಲೇ ಕೈ ಚಾಚಿದಳು. ಎಲ್ಲರಿಗೂ ಕೇಳುವಂತೆ ಆರು ಪೈಸೆ ಎಣಿಸಿ ಕೊಟ್ಟಳು. ಬೀದಿಯಾಚೆ ಸುಂದರೇಶ ನಿಂತಿದ್ದ, ಕ್ಯಾಮೆರಾ ಎತ್ತಿರಲಿಲ್ಲ.

"ಈಗ ತೆಗೀರಿ," ಎಂದಳು. ಅವನು ಎತ್ತಿದ ಕ್ಯಾಮೆರಾ ಕ್ಲಿಕ್ ಎಂದಿತು.

ಶಿವಮಲ್ಲಪ್ಪ ಕೈ ಎತ್ತಿದ. ಅವಳು ಕಣ್ಣು ಮುಚ್ಚಿಕೊಂಡಳು, ಕದಲಲಿಲ್ಲ.

"ತಂಗಿ ಮೇಲೆ ಕೈ ಮಾಡ್ಬೇಡ ಕಣಪ್ಪ," ದೇವಿರಮ್ಮ ನಡುವೆ ಬಂದಳು.

ಗಿರಾಕಿಗಳೆಲ್ಲ ನೋಡುತ್ತಿದ್ದರು. ಎತ್ತಿದ ಕೈ ನಿಧಾನವಾಗಿ ಇಳಿಯಿತು. ಮುಂದಿನ ಗಿರಾಕಿಗೆ ಅವನೇ ಆರು ಪೈಸೆ ಕೊಟ್ಟ, ತಂಗಿಯ ಮುಖ ನೋಡದೆ.

ಕ್ಯಾಮೆರಾ ಇಳಿಸಿ ಸುಂದರೇಶ ಹತ್ತಿರ ಬಂದ. ಅವಳು ಅಂಗಡಿಯಿಂದ ಕೆಳಗಿಳಿದು ಜಗಲಿಯ ಕಂಬ ಹಿಡಿದು ನಿಂತಳು.

"ನಿಮ್ಮನ್ನ ಮದುವೆಯಾಗ್ತೀನಿ ಅಂತ ಅಣ್ಣನ್ನ ಕೇಳ್ಲಾ?"

"ಈಗಲೇನಾ? ನನಗೆ ಭಯ ಆಗ್ತಿದೆ..."

"ನನಗೂ."

ಅವಳು ಕಂಬ ಬಿಟ್ಟಳು.

"ಬನ್ನಿ, ಜೊತೆಗೇ ಕೇಳೋಣ."