ಪುಡಿಯಾಗಬೇಕಿದ್ದ ಡಾಂಗಲ್‌ಗಳು

ಮಂಗಳವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರನ್ನು ಹೆಡ್ ಕಾನ್‌ಸ್ಟೇಬಲ್ ಎರಡು ಸಲ ಓದಿದ. ಠಾಣೆಯಲ್ಲಿ ಅವನನ್ನು ಎಲ್ಲರೂ ಗೊಣಗಪ್ಪ ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಎಂದೂ ಮೋಸ ಮಾಡದ ಅವನು ಗೊಣಗುತ್ತಲೇ ಕಾಗದವನ್ನು ಇನ್‌ಸ್ಪೆಕ್ಟರರ ಮೇಜಿನ ಮೇಲಿಟ್ಟ.

"ಸಾರ್, ಇವರೇ ಪುಡಿ ಮಾಡಿ ಎಸೀಬೇಕು ಅಂತಿದ್ದ ಸಾಮಾನು. ಅದನ್ನ ಯಾರೋ ಕದ್ದಿದ್ದಾರಂತೆ. ಕಸ ಕಳುವಾಯ್ತು ಅಂತ ಎಫ್‌ಐಆರ್ ಹಾಕ್ಬೇಕಾ?"

"ಕಸ ಅವರದೇ ತಾನೇ? ಹಾಕು."

ದೂರು ತಂದವರು ಒಂದು ಸಾಫ್ಟ್‌ವೇರ್ ಪ್ರಕಾಶನ ಸಂಸ್ಥೆಯ ಮ್ಯಾನೇಜರ್. ಅವರ ಉಗ್ರಾಣದಲ್ಲಿ ಇನ್ನೂರ ಹದಿನಾಲ್ಕು ಡಾಂಗಲ್‌ಗಳಿದ್ದವು. ಸೋಮವಾರ ಅವನ್ನೆಲ್ಲ ಯಂತ್ರಕ್ಕೆ ಹಾಕಿ ಪುಡಿ ಮಾಡಿಸಿ, ಹಾಗೆ ಮಾಡಿದ್ದಕ್ಕೆ ಪ್ರಮಾಣಪತ್ರ ಪಡೆಯಬೇಕಿತ್ತು. ಎಣಿಸಿದರೆ ನೂರ ಎಪ್ಪತ್ತೇಳು ಮಾತ್ರ ಸಿಕ್ಕವು. ಮೂವತ್ತೇಳು ಇರಲಿಲ್ಲ.

ಡಾಂಗಲ್ ಎಂದರೆ ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ತುಂಡು. ಕಂಪ್ಯೂಟರಿಗೆ ಚುಚ್ಚಿದರೆ ಸಾಫ್ಟ್‌ವೇರ್ ನಡೆಯುತ್ತದೆ, ಕಿತ್ತರೆ ನಿಲ್ಲುತ್ತದೆ. ಒಂದು ಪ್ರತಿ ಕೊಂಡವರು ಹತ್ತು ಜನಕ್ಕೆ ಹಂಚದಿರಲಿ ಎಂದು ಮಾಡಿದ ಉಪಾಯ ಅದು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ ಆಯಿತು. ಮೂರನೆಯ ಮಹಡಿಯ ಕಚೇರಿ. ನಲವತ್ತು ಮೇಜುಗಳಲ್ಲಿ ಒಂಬತ್ತರಲ್ಲಿ ಮಾತ್ರ ಜನರಿದ್ದರು. ಉಳಿದವುಗಳ ಮೇಲೆ ಕಂಪ್ಯೂಟರ್ ಇದ್ದ ಜಾಗದಲ್ಲಿ ಚೌಕಾಕಾರದ ಧೂಳಿನ ಗುರುತು. ಉಗ್ರಾಣದ ಬೀಗ ಮುರಿದಿರಲಿಲ್ಲ. ಅದರ ಕೀಲಿ ಚಹಾ ಮಾಡುವ ಕೋಣೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

"ಇದನ್ನ ಯಾರು ಬೇಕಾದ್ರೂ ತಗೋಬಹುದಾ?"

"ಮನೆಯವರ ಥರ ಇದ್ವಿ ಸಾರ್. ಅನುಮಾನ ಪಡೋ ಅಭ್ಯಾಸ ಇರಲಿಲ್ಲ," ಎಂದರು ಮ್ಯಾನೇಜರ್.

"ಯಾವ ಸಾಫ್ಟ್‌ವೇರಿನ ಡಾಂಗಲ್ ಇವು?"

"ಸೊಲ್ಲು ಅಂತ. ಮಾತು ನಿಂತುಹೋದವರಿಗೆ, ಹುಟ್ಟಿನಿಂದ ಮಾತಿಲ್ಲದ ಮಕ್ಕಳಿಗೆ. ತೆರೆ ಮೇಲೆ ಅಕ್ಷರ, ಚಿತ್ರ ಒಂದೊಂದಾಗಿ ಬೆಳಗುತ್ತೆ. ಬೇಕಾದ್ದು ಬಂದಾಗ ಗುಂಡಿ ಒತ್ತಿದ್ರೆ ಸಾಕು, ಕಂಪ್ಯೂಟರ್ ಅವರ ಪರವಾಗಿ ಮಾತಾಡುತ್ತೆ. ನಮ್ಮ ಭಾಷೇಲಿ ಅಂಥದ್ದು ಇರೋದು ಇದೊಂದೇ."

"ಅಂಥದ್ದನ್ನ ಪುಡಿ ಮಾಡ್ತೀರಾ?"

ಮ್ಯಾನೇಜರ್ ಗೋಡೆಯ ಮೇಲಿನ ಫೋಟೋ ಕಡೆ ನೋಡಿದರು. ಮುದ್ರಣಾಲಯವೊಂದರ ಮೇಲಿನ ಎರಡು ಕೋಣೆಗಳಲ್ಲಿ ಸಂಸ್ಥೆ ಶುರುವಾದ ದಿನದ ಚಿತ್ರ ಅದು. ಆಗ, ನಮ್ಮ ಭಾಷೆಯ ಸಾಫ್ಟ್‌ವೇರ್ ಯಾರು ಕೊಳ್ಳುತ್ತಾರೆ ಎಂದು ನಕ್ಕವರೇ ಹೆಚ್ಚು. ಹತ್ತು ವರ್ಷದಲ್ಲಿ ಪುಸ್ತಕದಂಗಡಿಗಳಲ್ಲಿ ಇವರ ಪೆಟ್ಟಿಗೆಗಳು ಸಾಲಾಗಿ ನಿಂತವು. ಇವರನ್ನು ನೋಡಿ ದೇಶದಲ್ಲಿ ಇನ್ನೂ ಹನ್ನೊಂದು ಸಂಸ್ಥೆಗಳು ಹುಟ್ಟಿದವು. ಆಮೇಲೆ ಕಳ್ಳ ಪ್ರತಿಗಳು ಬಂದವು. ಒಂದು ಮಾರಿದರೆ ಹತ್ತು ನಕಲು. ಹನ್ನೊಂದೂ ಒಂದೊಂದಾಗಿ ಬಾಗಿಲು ಹಾಕಿದವು. ಡಾಂಗಲ್ ಮಾಡಿಕೊಂಡ ಇವರು ಮಾತ್ರ ಹೇಗೋ ಉಸಿರು ಹಿಡಿದುಕೊಂಡಿದ್ದರು, ಕಳೆದ ವರ್ಷ ಹೊರದೇಶದ ದೊಡ್ಡ ಸಂಸ್ಥೆಯೊಂದು ಬಂದು ಕೊಳ್ಳುವವರೆಗೆ.

"ಹಳೇದು ನಿಲ್ಲಿಸಿ, ಎಲ್ರೂ ಹೊಸದಕ್ಕೆ ಬರಲಿ ಅಂತ ಆದೇಶ ಸಾರ್. ಕೆಟ್ಟ ಡಾಂಗಲ್ ಬದಲಾಯಿಸಿ ಕೊಡೋ ಹಾಗಿಲ್ಲ."

"ಹೊಸದು ನಮ್ಮ ಭಾಷೇಲಿ ಇದೆಯಾ?"

"ಮುಂದಿನ ವರ್ಷ ಬರುತ್ತಂತೆ."



ಕಿಟಕಿಯ ಪಕ್ಕ ಫೋನಿನ ಮುಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಕುಳಿತಿದ್ದಳು. ಇಪ್ಪತ್ತೆರಡು ವರ್ಷದಿಂದ ಗ್ರಾಹಕರ ಕರೆಗಳಿಗೆ ಉತ್ತರ ಕೊಡುತ್ತಿದ್ದವಳು ಅವಳೇ. ಗ್ರಾಹಕರ ಬಾಯಲ್ಲಿ ಅವಳು ಫೋನಕ್ಕ. ಕೇಳಿದ್ದಕ್ಕೆ ಅಳೆದು ತೂಗಿ ಉತ್ತರ ಕೊಟ್ಟಳು. ಕೀಲಿ ತಾನೂ ತೆಗೆದುಕೊಳ್ಳುತ್ತಿದ್ದೆ, ಉಳಿದವರೂ ತೆಗೆದುಕೊಳ್ಳುತ್ತಿದ್ದರು ಎಂದಳು.

ಬುಧವಾರ ಇನ್‌ಸ್ಪೆಕ್ಟರ್ ಮತ್ತು ಗೊಣಗಪ್ಪ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಗೆ ಹೋದರು. ಕದ್ದ ಮಾಲು ಅಲ್ಲಿಗೆ ಬರುವುದು ವಾಡಿಕೆ. ಆ ಬೀದಿಯ ಹಳೆಯ ಹುಲಿಯಾದ ಅಂಗಡಿಯವನೊಬ್ಬ ಪೊಲೀಸರನ್ನು ಕಂಡೂ ಜಗ್ಗಲಿಲ್ಲ.

"ಸೊಲ್ಲಿನ ಡಾಂಗಲ್ಲಾ? ಅದನ್ನ ಕದ್ದು ಯಾರಿಗೆ ಮಾರೋದು ಸಾರ್? ಕಳ್ಳ ಪ್ರತಿಗೆ ಡಾಂಗಲ್ಲೇ ಬೇಡ. ಮೂರು ವರ್ಷದ ಹಿಂದೇನೇ ಆ ಬೀಗ ಒಡೆದಿದ್ದಾರೆ."

"ಚೆನ್ನಾಗಿ ನಡೆಯುತ್ತಾ?"

ಅವನು ಅಲ್ಲೇ ಒಂದು ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದ. ತೆರೆಯ ಮೇಲೆ ಅಕ್ಷರಗಳು ಬೆಳಗಿದವು. ಅಂಗಡಿಯವನು ಗುಂಡಿ ಒತ್ತುತ್ತ ಹೋದ. "ನಮಸ್ಕಾರ, ಕೂತ್ಕೊಳ್ಳಿ," ಎಂದಿತು ಕಂಪ್ಯೂಟರ್.

ಇನ್‌ಸ್ಪೆಕ್ಟರ್ ಆ ಪ್ರತಿಗಳನ್ನು ಜಪ್ತಿ ಮಾಡಿಸಿ ಬೇರೆ ಪ್ರಕರಣ ದಾಖಲಿಸಲು ಹೇಳಿದರು. ಹಿಂದಿರುಗುವಾಗ ಜೀಪಿನಲ್ಲಿ ಗೊಣಗಪ್ಪ, "ಕಳ್ಳನಿಗಿಲ್ಲದ ಬೀಗ ಸಾಚಾನಿಗೆ ನೋಡಿ ಸಾರ್," ಎಂದ. ಅವನ ಗೊಣಗಾಟದಲ್ಲಿ ಆಗಾಗ ಒಂದೊಂದು ಸತ್ಯ ಇರುತ್ತಿತ್ತು.

ಮಾರುವುದಕ್ಕಲ್ಲದಿದ್ದರೆ ಬಳಸುವುದಕ್ಕೇ ಇರಬೇಕು. ಗುರುವಾರ ಇನ್‌ಸ್ಪೆಕ್ಟರ್ ಸಂಸ್ಥೆಯ ಕರೆಗಳ ಪಟ್ಟಿ ತರಿಸಿದರು. ಡಾಂಗಲ್ ಕೆಟ್ಟಿದೆ ಎಂದು ಐದು ತಿಂಗಳಲ್ಲಿ ಮೂವತ್ತೇಳು ಗ್ರಾಹಕರು ದೂರಿದ್ದರು. ವಾರಕ್ಕೆ ಮೂರು ನಾಲ್ಕು ಸಲ ಅತ್ತು ಕರೆದು ಮಾಡಿದ ಕರೆಗಳು. ಹಿಂದಿನ ತಿಂಗಳ ಮಧ್ಯದಿಂದ ಅವರೆಲ್ಲ ಒಬ್ಬೊಬ್ಬರಾಗಿ ಸುಮ್ಮನಾಗಿದ್ದರು.

"ಮೂವತ್ತೇಳು ಕಾಣೆ, ಮೂವತ್ತೇಳು ಜನ ಗಪ್‌ಚುಪ್!" ಗೊಣಗಪ್ಪನ ಮುಖ ಅಪರೂಪಕ್ಕೆ ಅರಳಿತು.

ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ಪಟ್ಟಿಯಲ್ಲಿದ್ದ ವಿಶೇಷ ಶಾಲೆಗೆ ಹೋದರು. ಮುಖ್ಯೋಪಾಧ್ಯಾಯಿನಿ ಮುಚ್ಚುಮರೆ ಮಾಡಲಿಲ್ಲ. ಡಾಂಗಲ್ ಅಂಚೆಯಲ್ಲಿ ಬಂದಿತ್ತು, ಕಳಿಸಿದವರ ಹೆಸರಿರಲಿಲ್ಲ. ಒಳಗೆ ತರಗತಿಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಕಂಪ್ಯೂಟರಿನ ಮೂಲಕ ಪಕ್ಕದವಳ ಮೇಲೆ ಚಾಡಿ ಹೇಳುತ್ತಿದ್ದಳು.

"ಇದನ್ನ ತಗೊಂಡು ಹೋಗ್ತೀರಾ ಸಾರ್?" ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು.

"ಸಾಕ್ಷ್ಯಕ್ಕೆ ಲಕೋಟೆ ಸಾಕು ಸದ್ಯಕ್ಕೆ," ಎಂದು ಇನ್‌ಸ್ಪೆಕ್ಟರ್ ಹೊರಬಂದರು.

ಅಂದು ಮತ್ತು ಶನಿವಾರ ಇನ್ನೂ ಎಂಟು ಮನೆಗಳಲ್ಲಿ ವಿಚಾರಿಸಿದರು. ಎಲ್ಲ ಕಡೆಯೂ ಅಂಥದೇ ಲಕೋಟೆ, ಅದೇ ಕೈಬರಹ. ಫೋನಕ್ಕನ ಮೇಲೆ ಅನುಮಾನ ಬಂದಿತ್ತು. ಆದರೆ ದೂರುಗಳ ಪಟ್ಟಿ ಇನ್ನೂ ಮೂವರ ಕೈಯಲ್ಲಿ ಓಡಾಡುತ್ತಿತ್ತು.

ಹತ್ತನೆಯ ವಿಳಾಸ ಒಬ್ಬ ಗಡಿಯಾರ ರಿಪೇರಿಯವನದು. ಶನಿವಾರ ಮಧ್ಯಾಹ್ನ ಮೂರು ಗಂಟೆ. ಬಾಗಿಲು ತೆರೆದವಳು ಅವನ ಹೆಂಡತಿ, ಎಪ್ಪತ್ತರ ಹತ್ತಿರದ ಮುದುಕಿ. ಕೋಣೆಯ ತುಂಬ ಗಡಿಯಾರಗಳಿದ್ದವು, ಒಂದೂ ನಡೆಯುತ್ತಿರಲಿಲ್ಲ. ಮಂಚದ ಹಾಸಿಗೆ ಸುತ್ತಿಟ್ಟಿತ್ತು.

"ಅಂಚೇಲಿ ಏನಾದ್ರೂ ಬಂತಾ ಅಮ್ಮ? ಈ ಕಂಪ್ಯೂಟರಿಗೆ?"

"ಇಲ್ಲಪ್ಪ. ಇನ್ನು ಬಂದು ಏನು? ಹೋದ ತಿಂಗಳು ಹತ್ತನೇ ತಾರೀಖು ಅವರು ಹೋಗ್ಬಿಟ್ರು."

ಕರೆ ನಿಲ್ಲಿಸಿದ ಮೂವತ್ತೇಳು ಜನರಲ್ಲಿ ಒಬ್ಬಳು ಸುಮ್ಮನಾದದ್ದು ಈ ಕಾರಣಕ್ಕೆ. ಗೊಣಗಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮುದುಕಿ ಕೇಳದೆಯೇ ಹೇಳಿದಳು. ಆರು ವರ್ಷದ ಹಿಂದೆ ಗಂಡನ ಮೈಯೂ ಮಾತೂ ಬಿದ್ದುಹೋಗಿ ಒಂದು ಬೆರಳು ಮಾತ್ರ ಉಳಿದಿತ್ತು. "ನನ್ನ ಜೊತೆ ಜಗಳ ಆಡೋಕಂತ್ಲೇ ಅದನ್ನ ಹಾಕಿಸ್ಕೊಂಡ್ರು. ಸಾರಿಗೆ ಉಪ್ಪಿಲ್ಲ ಅನ್ನೋಕೆ ಕಾಲು ಗಂಟೆ ಹಿಡಿಯೋದು. ಆದ್ರೂ ಬಿಡ್ತಿರಲಿಲ್ಲ, ಹೇಳೇ ಹೇಳೋರು." ಅವಳು ನಕ್ಕಳು. ಆ ನಗು ಹಾಗೇ ಮುಖದ ಮೇಲೆ ಕರಗಿತು. "ಅದು ಕೆಟ್ಟ ಮೇಲೆ ಏಳು ವಾರ ಇದ್ರು. ನನ್ನ ಅಂಗೈ ಮೇಲೆ ಬೆರಳಲ್ಲಿ ಏನೋ ಬರೀತಿದ್ರು. ನನಗೆ ಓದು ಬರಲ್ಲ. ಪಕ್ಕದ ಮನೆಯೋರನ್ನ ಕರೆದೆ, ಅವರಿಗೂ ಗೊತ್ತಾಗ್ಲಿಲ್ಲ, ಬೆರಳು ನಡುಗೋದು. ಕೊನೇ ದಿನಾನೂ ಬರೆದ್ರು. ಸುಮಾರು ಹೊತ್ತು ಬರೆದ್ರು."

ಮುದುಕಿ ಅಂಗೈ ಮಡಚಿಕೊಂಡು ಮಾತು ಮುಂದುವರಿಸಿದಳು.

"ಯಾರೋ ಅಂದ್ರು, ಅಂಗಡಿ ಬೀದೀಲಿ ಇನ್ನೊಂದು ಥರ ಸಿಗುತ್ತೆ, ತಂದು ಹಾಕ್ಸು ಅಂತ. ಫೋನಕ್ಕನ್ನ ಕೇಳ್ದೆ. ಬೇಡಮ್ಮ, ಅದು ಕಳ್ಳ ಮಾಲು, ನಡೆಯಲ್ಲ, ಕಂಪ್ಯೂಟರೂ ಕೆಟ್ಟುಹೋಗುತ್ತೆ, ಕಾಯಿರಿ, ನಮ್ಮದೇ ಬರುತ್ತೆ ಅಂದ್ಲು. ಪುಣ್ಯಾತ್ಗಿತ್ತಿ, ನಾವು ಮೋಸ ಹೋಗದ ಹಾಗೆ ನೋಡ್ಕೊಂಡ್ಲು."

ಬುಧವಾರ ತಮಗೆ ನಮಸ್ಕಾರ ಹೇಳಿದ ಆ ಅಂಗಡಿಯ ಕಂಪ್ಯೂಟರ್ ಇನ್‌ಸ್ಪೆಕ್ಟರರಿಗೆ ನೆನಪಾಯಿತು. ಅವರು ನೋಟ್‌ಬುಕ್ ಮುಚ್ಚಿದರು, ಮತ್ತೆ ತೆರೆದರು.

"ಅವಳನ್ನ ನೀವು ನೋಡಿದ್ದೀರಾ?"

"ಬಂದಿದ್ಲಲ್ಲ, ಹದಿನಾಲ್ಕನೇ ತಾರೀಖು. ದನಿ ಕೇಳಿದ ಕೂಡ್ಲೇ ಗೊತ್ತಾಯ್ತು. ಬ್ಯಾಗಿಗೆ ಕೈ ಹಾಕಿ ಏನೋ ತೆಗೆಯೋಕೆ ಹೋದ್ಲು. ಅವರು ಹೋಗಿ ನಾಲ್ಕು ದಿನ ಆಯ್ತು ಅಂದೆ. ಕೈ ಬ್ಯಾಗಲ್ಲೇ ನಿಂತುಬಿಡ್ತು. ನೀರು ಕೊಟ್ಟೆ, ಕುಡೀಲಿಲ್ಲ. ಹಾಗೇ ಎದ್ದು ಹೋದ್ಲು."

ಉಳಿದ ಕಡೆ ಸಿಕ್ಕ ಲಕೋಟೆಗಳ ಮೇಲಿನ ಅಂಚೆ ಮುದ್ರೆಗಳೆಲ್ಲ ಹದಿನೈದನೆಯ ತಾರೀಖಿನಿಂದ ಈಚಿನವು.

ಸೋಮವಾರ ಬೆಳಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಕಚೇರಿಗೆ ಹೋದರು. ಅವರು ಮೇಜಿನ ಮೇಲೆ ಲಕೋಟೆ ಇಡುವಾಗ ಫೋನಕ್ಕ ಒಂದು ಕರೆಯಲ್ಲಿದ್ದಳು. ಅದನ್ನು ಮುಗಿಸಿ, ಫೋನ್ ಇಟ್ಟು, ತಾನಾಗಿಯೇ ಬ್ಯಾಗ್ ತೆರೆದು ಒಂದು ಡಾಂಗಲ್ ತೆಗೆದು ಮುಂದಿಟ್ಟಳು. ಹತ್ತು ಮೂವತ್ತೈದಕ್ಕೆ ಬಂಧನ, ಜಪ್ತಿ ಪಂಚನಾಮೆ.

ಠಾಣೆಯಲ್ಲಿ ಹೇಳಿಕೆ.

"ಎಷ್ಟು ತಗೊಂಡ್ರಿ?"

"ಮೊದಲು ಒಂದು, ಗಡಿಯಾರದವರಿಗೆ ಅಂತ. ಅದು ಉಳೀತು. ಆಮೇಲೆ ಮೂವತ್ತಾರು."

"ಕಳ್ಳತನ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಆದ್ರೆ ಹೇಗಿದ್ರೂ ಪುಡಿ ಆಗೋದು. ಉರಿಯೋ ಮನೇಲಿ ಗಳ ಹಿರಿದೋಳು ಅಂತ ಬರ್ಕೊಳ್ಳಿ ಸಾರ್, ಬೇಜಾರಿಲ್ಲ."

"ಅಂಗಡಿ ಪ್ರತಿ ನಡೆಯುತ್ತೆ ಅಂತಾನೂ ಗೊತ್ತಿತ್ತಾ?"



"ಗೊತ್ತಿತ್ತು. ಕಳ್ಳ ಪ್ರತಿಯಿಂದ ಹನ್ನೊಂದು ಕಂಪನಿ ಮುಚ್ಚಿದ್ದು ಕಣ್ಣಾರೆ ಕಂಡಿದ್ದೀನಿ. ಒಂದರಲ್ಲಿ ನನ್ನ ತಮ್ಮ ಇದ್ದ, ಆಮೇಲೆ ಅವನು ಮತ್ತೆ ಚೇತರಿಸ್ಕೊಳ್ಳಲೇ ಇಲ್ಲ. ಇಪ್ಪತ್ತೆರಡು ವರ್ಷ ಯಾರು ಕೇಳಿದ್ರೂ ಅದು ನಡೆಯಲ್ಲ, ಬೇಡ ಅಂತಾನೇ ಹೇಳ್ತಿದ್ದೆ. ಆ ಅಮ್ಮ ಕೇಳಿದಾಗ್ಲೂ ಅದೇ ಬಾಯಿಗೆ ಬಂತು. ಹೂಂ ಅಂದಿದ್ರೆ ಸಾಕಿತ್ತು ಸಾರ್. ಏಳು ವಾರ ಅವರು ಮಾತಾಡ್ತಿದ್ರು."

ಬರೆಯುತ್ತಿದ್ದ ಗೊಣಗಪ್ಪನ ಪೆನ್ನು ನಿಂತಿತು.

"ಒಂದು ಬೇಡ್ಕೋತೀನಿ," ಎಂದಳು ಅವಳು. "ಈ ಮಾತು ಬರೀಬೇಡಿ. ಕೋರ್ಟಲ್ಲಿ ಓದ್ತಾರೆ, ಆ ಅಮ್ಮ ಸಾಕ್ಷಿಗೆ ಬಂದಿರ್ತಾರೆ. ನನಗೆ ಶಿಕ್ಷೆ ಎಷ್ಟಾದ್ರೂ ಆಗ್ಲಿ. ಅವರಿಗೆ ಅದು ಗೊತ್ತಾಗೋದು ಬೇಡ."

ಇನ್‌ಸ್ಪೆಕ್ಟರ್ ಇಪ್ಪತ್ತೇಳು ವರ್ಷದ ಸೇವೆಯಲ್ಲಿ ಹೇಳಿಕೆಯಿಂದ ಒಂದು ಅಕ್ಷರ ಬಿಟ್ಟವರಲ್ಲ. ಆ ದಿನ ಅವರು ಹಾಳೆಯನ್ನು ಗೊಣಗಪ್ಪನ ಕೈಯಿಂದ ತೆಗೆದುಕೊಂಡು ತಾವೇ ಹೊಸದಾಗಿ ಬರೆದರು. ಉದ್ದೇಶ ಎಂಬಲ್ಲಿ, "ಗ್ರಾಹಕರ ಮೇಲಿನ ಕನಿಕರದಿಂದ ಕೃತ್ಯ ಎಸಗಿರುವುದಾಗಿ ಆರೋಪಿ ಒಪ್ಪಿರುತ್ತಾಳೆ" ಎಂದಷ್ಟೇ ಬರೆದರು. ತಮ್ಮನ ವಿಷಯ, ಅಂಗಡಿ ಪ್ರತಿಯ ವಿಷಯ ಅದರಲ್ಲಿ ಬರಲಿಲ್ಲ. ಗೊಣಗಪ್ಪ ಗೊಣಗಲಿಲ್ಲ.

ಮಂಗಳವಾರ ಗಡಿಯಾರದವನ ಹೆಂಡತಿ ಸಾಕ್ಷಿ ಹೇಳಿಕೆಗೆ ಹೆಬ್ಬೆಟ್ಟು ಒತ್ತಲು ಬಂದಳು. ಇನ್‌ಸ್ಪೆಕ್ಟರ್ ಅದನ್ನು ನಿಧಾನವಾಗಿ ಓದಿ ಹೇಳಿದರು. ಅವಳು ತಲೆದೂಗುತ್ತ ಕೇಳಿದಳು. ಹೆಬ್ಬೆಟ್ಟೊತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡು, ಹೊರಡಲು ಎದ್ದವಳು ಬಾಗಿಲ ಬಳಿ ತಿರುಗಿ ನಿಂತಳು.

"ಸಾರ್, ತಪ್ಪು ತಿಳ್ಕೋಬೇಡಿ. ಒಂದು ಕೇಳ್ಲಾ? ಆ ಅಂಗಡಿ ಬೀದೀದು ನಿಜವಾಗ್ಲೂ ನಡೀತಿರಲಿಲ್ಲ ಅಲ್ವಾ?"

ಇನ್‌ಸ್ಪೆಕ್ಟರ್ ಅವಳ ಮುಖ ನೋಡಿಯೇ ಹೇಳಿದರು.

"ಇಲ್ಲಮ್ಮ. ನಡೀತಿರಲಿಲ್ಲ."